ಒಂದೇ ಪಂದ್ಯ ಆಡಿ ಸೋತವರ ಮೈದಾನ: ಹಾಕಿ ಟೂರ್ನಿಗೆ ಜಾಗ ಆರಿಸುವ ಕಥೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಓದೋದೇ ಇಷ್ಟ ಅನ್ನೋರಿಗೆ ಈ ವಾರದ ಮಾತು ಬರಹದ ರೂಪದಲ್ಲಿ ಇಲ್ಲಿದೆ. ಮಾತಾಡುವಾಗ ತಪ್ಪಿಹೋದ ಒಂದೆರಡು ಲೆಕ್ಕಗಳನ್ನೂ ಸೇರಿಸಿದ್ದೀನಿ.

ಇವತ್ತಿನ ವಿಷಯ ಕೇಳೋಕೆ ಸಣ್ಣದು. ಒಂದು ಹಾಕಿ ಪಂದ್ಯಾವಳಿ ಮಾಡಬೇಕು. ಆಡೋರು ದೊಡ್ಡ ಸ್ಟಾರ್‌ಗಳಲ್ಲ, ಸಣ್ಣ ಕಾಲೇಜು, ಸಣ್ಣ ಊರು, ಸಣ್ಣ ತಂಡಗಳು. ಅದನ್ನ ಎಲ್ಲಿ ಮಾಡಬೇಕು? ಯಾರು ಆತಿಥೇಯರಾಗಬೇಕು? ಅದನ್ನ ಯಾರು ತೀರ್ಮಾನಿಸಬೇಕು?

ನಾನಿರೋದು ಮಾನೇಸರ್‌ನಲ್ಲಿ. ದಿನಾ ಬೆಳಿಗ್ಗೆ ಕಾರ್ಖಾನೆಗಳ ಶಿಫ್ಟ್ ಬಸ್ಸುಗಳ ನಡುವೆ ಆಫೀಸಿಗೆ ಹೋಗೋದು, ಸಾಫ್ಟ್‌ವೇರ್ ಬರೆಯೋದು, ಬರೋದು. ನನ್ನ ಟೀಮಿನಲ್ಲಿ ಹರಿಯಾಣದ ಶಾಹಬಾದ್ ಮಾರ್ಕಂಡಾ ಕಡೆಯ ಒಬ್ಬರಿದ್ದಾರೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ನಮ್ಮ ಮಹಿಳಾ ತಂಡದ ನಾಯಕಿ ರಾಣಿ ರಾಂಪಾಲ್ ಅವರ ಊರು ಅದು. ಇವರ ಹೆಮ್ಮೆ ಕೇಳಬೇಕಾ! ಊಟದ ಹೊತ್ತಲ್ಲಿ ಒಂದಿನ ಕೇಳಿದರು: "ನಿಮ್ಮ ಕರ್ನಾಟಕದಲ್ಲಿ ಮನೆತನಗಳೇ ತಂಡ ಕಟ್ಟಿಕೊಂಡು ಹಾಕಿ ಆಡ್ತಾವಂತೆ, ನಿಜಾನಾ?" ನಿಜ ಅಂದೆ. "ಹಾಗಾದ್ರೆ ಅಷ್ಟು ತಂಡಗಳನ್ನ ಎಲ್ಲಿ ಆಡಿಸ್ತಾರೆ?" ಅಂದರು. ಈ ಎರಡನೇ ಪ್ರಶ್ನೆಯ ಉತ್ತರವೇ ಇವತ್ತಿನ ಕಥೆ.

ಒಂದೇ ಊರು, ಒಂದೇ ಮೈದಾನ

ಮೊದಲು ಹಳೇ ಕಾಲಕ್ಕೆ ಹೋಗೋಣ. ನಮ್ಮ ದೇಶದ ಹಳೆಯ ಹಾಕಿ ಪಂದ್ಯಾವಳಿಗಳಿಗೆ ಜಾಗ ಆರಿಸೋ ತಲೆನೋವೇ ಇರಲಿಲ್ಲ. ಬೀಟನ್ ಕಪ್ 1895ರಲ್ಲಿ ಕಲ್ಕತ್ತೆಯಲ್ಲಿ ಶುರುವಾಯ್ತು, ಮರುವರ್ಷ ಬೊಂಬಾಯಿಯಲ್ಲಿ ಆಗಾಖಾನ್ ಕಪ್. ಕಪ್ಪೂ ಊರೂ ಒಂದೇ. ಆಡಬೇಕಾ? ರೈಲು ಹತ್ತಿ ಅಲ್ಲಿಗೆ ಬನ್ನಿ. ಕಂಟೋನ್ಮೆಂಟು, ರೈಲ್ವೆ, ಬಂದರು, ಕ್ಲಬ್ಬು ಇವೆಲ್ಲ ಇದ್ದ ಊರಲ್ಲೇ ಮೈದಾನವೂ ಇತ್ತು, ಆಡೋರೂ ಇದ್ದರು.

1928ರಲ್ಲೂ ಹಾಗೇ ಆಯ್ತು. ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ಗೆ ತಂಡ ಆರಿಸಬೇಕಿತ್ತು. 1925ರಲ್ಲಿ ಹುಟ್ಟಿದ್ದ ಭಾರತೀಯ ಹಾಕಿ ಫೆಡರೇಷನ್ ಪ್ರಾಂತ್ಯಗಳ ನಡುವೆ ಒಂದು ಪಂದ್ಯಾವಳಿ ಮಾಡಿತು. ಜಾಗ ಮತ್ತೆ ಕಲ್ಕತ್ತ. ಬಂದಿದ್ದು ಐದೇ ತಂಡ. ಗೆದ್ದಿದ್ದು ಸಂಯುಕ್ತ ಪ್ರಾಂತ್ಯ. ಧ್ಯಾನ್ ಚಂದ್ ಆಡಿದ್ದು ಆ ತಂಡಕ್ಕೇ. ಅಲ್ಲಿಂದ ಹೊರಟ ಆಟಗಾರರು ಜೈಪಾಲ್ ಸಿಂಗ್ ನಾಯಕತ್ವದಲ್ಲಿ ಚಿನ್ನ ತಂದರು.

ದೆಹಲಿಯಲ್ಲೂ ಇದೇ ಮಾದರಿ. 1964ರಲ್ಲಿ ಶುರುವಾದ ನೆಹರೂ ಹಾಕಿ ಪಂದ್ಯಾವಳಿ ಅಂದ್ರೆ ಶಿವಾಜಿ ಸ್ಟೇಡಿಯಂ. ಈಗ ಏರ್‌ಪೋರ್ಟ್ ಮೆಟ್ರೋದಲ್ಲಿ ಆ ಹೆಸರಿನ ಸ್ಟೇಷನ್ನೇ ಇದೆ. ಶಾಲೆ, ಕಾಲೇಜು ಮಟ್ಟದ ತಂಡಗಳಿಗೂ ಆ ಸಂಸ್ಥೆ ಪಂದ್ಯ ನಡೆಸಿಕೊಂಡು ಬಂದಿದೆ.

ಜಾಗ ಖಾಯಂ ಆಗಿದ್ರೆ ಅನುಕೂಲ ಇದೆ. ಪ್ರತಿ ವರ್ಷ ಹೊಸದಾಗಿ ಕಲಿಯಬೇಕಿಲ್ಲ. ನೀರೆಲ್ಲಿ, ಊಟವೆಲ್ಲಿ, ಅಂಪೈರ್ ಎಲ್ಲಿ ಮಲಗ್ತಾರೆ, ಎಲ್ಲಾ ಗೊತ್ತು. ಆದ್ರೆ ಆ ಊರಿನಿಂದ ದೂರ ಇರೋರಿಗೆ ಆ ದೂರವೂ ಖಾಯಂ. ಮೂವತ್ತು ವರ್ಷ ಆದ್ರೂ ಒಂದು ಕಿಲೋಮೀಟರ್ ಕಡಿಮೆ ಆಗಲ್ಲ.

ಟರ್ಫ್ ಬಂದ ಮೇಲೆ

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕೃತಕ ಹುಲ್ಲಿನ ಮೇಲೆ ಹಾಕಿ ಆಡಿಸಿದರು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೇ ಸ್ಥಾನಕ್ಕೆ ಇಳಿಯಿತು. ಇದರ ಬಗ್ಗೆ ಎಲ್ಲರೂ ಮಾತಾಡ್ತಾರೆ. ಕಡಿಮೆ ಮಾತಾಡೋದು ಇನ್ನೊಂದರ ಬಗ್ಗೆ. ಅವತ್ತಿನಿಂದ ದೊಡ್ಡ ಪಂದ್ಯಾವಳಿಗೆ "ಯಾವ ಊರು?" ಅನ್ನೋ ಪ್ರಶ್ನೆ "ಟರ್ಫ್ ಎಲ್ಲಿದೆ?" ಅಂತ ಬದಲಾಯ್ತು. ಟರ್ಫ್ ಹಾಸೋಕೆ ಕೋಟಿಗಟ್ಟಲೆ ದುಡ್ಡು ಬೇಕು, ಆಡೋ ಮೊದಲು ಅದಕ್ಕೆ ನೀರು ಹಾಯಿಸಬೇಕು, ಕೆಲವು ವರ್ಷ ಆದ ಮೇಲೆ ಬದಲಾಯಿಸಬೇಕು. ಸಣ್ಣ ಕಾಲೇಜಿಗೆ ಅದು ಆಗೋ ಮಾತಲ್ಲ. ಮಣ್ಣಿನ ಮೈದಾನ ಇದ್ದ ಊರುಗಳು ಒಂದೊಂದಾಗಿ ಆ ಪಟ್ಟಿಯಿಂದ ಹೊರಗುಳಿದವು.

ಅಮೆರಿಕದವರು ಏನ್ ಮಾಡ್ತಾರೆ?

ಹೋಲಿಕೆಗೆ ಇರಲಿ ಅಂತ ಒಂದು ಹೊರಗಿನ ಉದಾಹರಣೆ. ಅಮೆರಿಕದಲ್ಲಿ ಹಾಕಿ ಅಂದ್ರೆ ಐಸ್ ಹಾಕಿ. ಅಲ್ಲಿನ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಕಾಲೇಜುಗಳನ್ನ ಮೂರು ಡಿವಿಜನ್ ಮಾಡಿದೆ. ಮೂರನೇ ಡಿವಿಜನ್ನಿನಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ. ಬಹುಪಾಲು ಸಣ್ಣ ಕಾಲೇಜುಗಳು, ಆಡೋರು ಆಟದ ಮೇಲಿನ ಆಸೆಗೆ ಆಡೋರು.

ಇವರ ಫೈನಲ್ ಎಲ್ಲಿ? ಎರಡು ದಾರಿ ಹಿಡಿದು ನೋಡಿದ್ದಾರೆ. ಒಂದು, ಮೊದಲೇ ಅರ್ಜಿ ಕರೆದು ಯಾರ ಊರೂ ಅಲ್ಲದ ಒಂದು ಜಾಗ ಗೊತ್ತು ಮಾಡೋದು. ಲೇಕ್ ಪ್ಲಾಸಿಡ್ ಅನ್ನೋ ಪುಟ್ಟ ಊರಿದೆ, 1932 ಮತ್ತು 1980ರ ಚಳಿಗಾಲದ ಒಲಿಂಪಿಕ್ಸ್ ನಡೆದ ಜಾಗ. ಪುರುಷರ ಫೈನಲ್ ಹಲವು ಸಲ ಅಲ್ಲೇ ಆಯ್ತು. ಎರಡನೇ ದಾರಿ, ಕೊನೆಯ ಹಂತಕ್ಕೆ ಬಂದ ತಂಡಗಳಲ್ಲೇ ಒಂದರ ಊರಲ್ಲಿ ಆಡಿಸೋದು. ಇದರಲ್ಲಿ ಜನ ಸೇರ್ತಾರೆ, ಆದ್ರೆ "ಅವರ ಮನೆ ಅಂಗಳದಲ್ಲಿ ನಾವು ಆಡಬೇಕಾ?" ಅನ್ನೋ ಗೊಣಗಾಟ ತಪ್ಪಲ್ಲ. ಆದ್ರೆ ಮನೆ ಅಂಗಳ ಅಂದ್ರೆ ಗೆಲುವು ಖಚಿತ ಅಂತಲೂ ಅಲ್ಲ. 2025ರಲ್ಲಿ ಯುಟಿಕಾ ವಿಶ್ವವಿದ್ಯಾಲಯದ ತಂಡ ತನ್ನ ಊರಲ್ಲೇ ಫೈನಲ್ ಆಡಿ ಹೋಬಾರ್ಟ್ ಕಾಲೇಜಿಗೆ ಸೋತಿತು.

ಈ ಎರಡೂ ದಾರಿಯಲ್ಲಿ ಒಂದು ಸಮಾನ ಅಂಶ ಇದೆ, ಗಮನಿಸಿ. ಇಬ್ಬರ ಯೋಚನೆಯೂ ಗೆಲ್ಲೋರ ಸುತ್ತಲೇ. ಕೊನೆಯ ನಾಲ್ಕು ತಂಡಕ್ಕೆ ನ್ಯಾಯ ಆಗ್ತಿದೆಯಾ ಅನ್ನೋದೇ ಪ್ರಶ್ನೆ. ಬೇಗ ಸೋತು ಹೋದ ತಂಡಗಳ ಬಗ್ಗೆ ಯಾರೂ ಕೇಳಲ್ಲ. ನಮ್ಮ ಕೊಡಗಿನವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಆ ಪ್ರಶ್ನೆಗೇ ಉತ್ತರ ಕೊಟ್ಟರು.

ಕರಡ, 1997

ಕೊಡಗು ಚಿಕ್ಕ ಜಿಲ್ಲೆ. ಇವತ್ತಿಗೂ ರೈಲು ಮಾರ್ಗ ಇಲ್ಲ. ಅಂಥ ಜಾಗದಿಂದ ಹಾಕಿಗೆ ಬಂದ ಹೆಸರುಗಳನ್ನ ನೋಡಿ. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕ ಎಂ.ಪಿ. ಗಣೇಶ್. 1975ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಬಿ.ಪಿ. ಗೋವಿಂದ. 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದು 1988ರಲ್ಲಿ ಸೋಲ್ ಒಲಿಂಪಿಕ್ಸ್‌ಗೆ ನಾಯಕರಾದ ಎಂ.ಎಂ. ಸೋಮಯ್ಯ. ಆಮೇಲೆ ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್. ಸೈನ್ಯದ ನಂಟು, ಶಾಲೆಗಳ ಮೈದಾನ, ಮನೆಯಲ್ಲಿ ಅಪ್ಪ ಚಿಕ್ಕಪ್ಪಂದಿರು ಆಡಿ ಬಿಟ್ಟ ಸ್ಟಿಕ್ಕು, ಇವೆಲ್ಲ ಸೇರಿ ಬೆಳೆದ ಆಟ ಇದು.

ಆದ್ರೆ ಕೊಡವರ ಒಕ್ಕಗಳು, ಅಂದ್ರೆ ಒಂದೇ ಮೂಲಪುರುಷನ ಹೆಸರು ಹೊತ್ತ ಮನೆತನಗಳು, ಊರೂರಿಗೆ ಚೆದುರಿದ್ದವು. ಬೆಂಗಳೂರು, ಮೈಸೂರು, ಸೈನ್ಯ, ವಿದೇಶ. ಐನ್‌ಮನೆಗೆ ವರ್ಷಕ್ಕೊಮ್ಮೆ ಬಂದು ಹೋದ್ರೆ ಹೆಚ್ಚು. ಇನ್ನೊಂದು ಒಕ್ಕದವರ ಪರಿಚಯ ಮದುವೆಮನೆಯಲ್ಲಿ ಆದ್ರೆ ಆಯ್ತು.

ಬ್ಯಾಂಕ್ ಕೆಲಸದಿಂದ ನಿವೃತ್ತರಾಗಿದ್ದ ಪಾಂಡಂಡ ಕುಟ್ಟಪ್ಪ ಅವರಿಗೆ ಇದಕ್ಕೆ ಒಂದು ದಾರಿ ಹೊಳೆಯಿತು. ಒಕ್ಕಕ್ಕೆ ಒಂದು ತಂಡ, ಎಲ್ಲರೂ ಬಂದು ಹಾಕಿ ಆಡಲಿ. 1997ರಲ್ಲಿ ಕರಡ ಗ್ರಾಮದಲ್ಲಿ ಮೊದಲ ಪಂದ್ಯಾವಳಿ ಆಯ್ತು. 60 ಒಕ್ಕದ ತಂಡಗಳು ಬಂದವು. ಕರಡ ದೊಡ್ಡ ಊರಲ್ಲ, ಅಲ್ಲಿ ಸ್ಟೇಡಿಯಂ ಇರಲಿಲ್ಲ. ಕರೆದ ಮನೆಯವರ ಊರು ಅದು. ಜಾಗ ಆರಿಸೋಕೆ ಅಷ್ಟೇ ಕಾರಣ ಸಾಕಾಯ್ತು.

ಅಲ್ಲಿಂದ ಒಂದು ಪದ್ಧತಿ ಹುಟ್ಟಿತು. ಪ್ರತಿ ವರ್ಷ ಒಂದು ಒಕ್ಕ ಮುಂದೆ ಬಂದು "ಈ ಸಲ ನಾವು ಮಾಡ್ತೀವಿ" ಅನ್ನುತ್ತೆ. ಕಪ್ಪಿಗೆ ಆ ಒಕ್ಕದ ಹೆಸರೇ. 1998ರಲ್ಲಿ ಕೋಡೀರ ಕಪ್, 2003ರಲ್ಲಿ ಕಲಿಯಂಡ ಕಪ್, 2018ರಲ್ಲಿ ಕುಲ್ಲೇಟಿರ ಕಪ್, ಹೀಗೆ. ಇಡೀ ಉತ್ಸವಕ್ಕೆ ಕೊಡವ ಹಾಕಿ ಅಕಾಡೆಮಿಯ ಬೆಂಬಲ ಇರುತ್ತೆ. ಆದ್ರೆ ದುಡ್ಡು ಕೂಡಿಸೋದು, ಮೈದಾನ ಸಜ್ಜು ಮಾಡೋದು, ಬಂದವರನ್ನ ನೋಡಿಕೊಳ್ಳೋದು ಆ ವರ್ಷದ ಒಕ್ಕದ ಹೊಣೆ. ಜನ ಇದನ್ನ ಟೂರ್ನಮೆಂಟ್ ಅನ್ನಲ್ಲ, "ಹಾಕಿ ನಮ್ಮೆ" ಅಂತಾರೆ. ಕೊಡವ ಭಾಷೆಯಲ್ಲಿ ನಮ್ಮೆ ಅಂದ್ರೆ ಹಬ್ಬ. ಕಾಫಿ ಕೊಯ್ಲು ಮುಗಿದು, ಶಾಲೆಗೆ ರಜೆ ಬಿಟ್ಟು, ಮುಂಗಾರು ಇನ್ನೂ ಬಾರದ ಏಪ್ರಿಲ್ ಆಸುಪಾಸು ಇದರ ಕಾಲ. ಒಂದೇ ತಂಡದಲ್ಲಿ ಅಜ್ಜ, ಮೊಮ್ಮಗ, ಅತ್ತೆ, ಸೊಸೆ ಎಲ್ಲರೂ ಆಡಿದ್ದಿದೆ. ಗಂಡಸರು, ಹೆಂಗಸರು ಒಟ್ಟಿಗೇ ಆಡ್ತಾರೆ.

ಈಗ ಸ್ವಲ್ಪ ಲೆಕ್ಕ

ನಾಕೌಟ್ ಪಂದ್ಯಾವಳಿಗೆ ಒಂದು ಸುಲಭದ ಸೂತ್ರ ಇದೆ. ಪ್ರತಿ ಪಂದ್ಯಕ್ಕೆ ಒಂದು ತಂಡ ಮನೆಗೆ ಹೋಗುತ್ತೆ. ಕೊನೆಗೆ ಒಂದೇ ಉಳಿಯುತ್ತೆ. ಹಾಗಾಗಿ ಪಂದ್ಯಗಳ ಸಂಖ್ಯೆ ಅಂದ್ರೆ ತಂಡಗಳ ಸಂಖ್ಯೆಗಿಂತ ಒಂದು ಕಡಿಮೆ. 60 ತಂಡಕ್ಕೆ 59 ಪಂದ್ಯ.

2003ರಲ್ಲಿ ನಾಪೋಕ್ಲುವಿನಲ್ಲಿ 280 ತಂಡ ಬಂದವು. 2024ರ ಕುಂಡ್ಯೋಳಂಡ ಕಪ್‌ಗೆ 360 ತಂಡ. ಅತಿ ದೊಡ್ಡ ಹಾಕಿ ಪಂದ್ಯಾವಳಿ ಅಂತ ಗಿನ್ನಿಸ್ ದಾಖಲೆಗೂ ಅದು ಸೇರಿತು. 2025ರಲ್ಲಿ ಮಡಿಕೇರಿಯಲ್ಲಿ ನಡೆದ ಮುದ್ದಂಡ ಕಪ್ ಇಪ್ಪತ್ತೈದನೆಯ ಉತ್ಸವ, ಅದಕ್ಕೆ 396 ತಂಡ. ಶುದ್ಧ ನಾಕೌಟ್ ಲೆಕ್ಕದಲ್ಲಿ 395 ಪಂದ್ಯ.

ಇಲ್ಲೊಂದು ಸ್ವಾರಸ್ಯ ಇದೆ. 60 ತಂಡ ಇದ್ದಾಗ ಕಪ್ ಗೆಲ್ಲೋಕೆ ಹೆಚ್ಚೆಂದರೆ 6 ಪಂದ್ಯ ಗೆಲ್ಲಬೇಕು. 396 ಆದಾಗ 9 ಸಾಕು. ತಂಡಗಳು ಆರೂವರೆ ಪಟ್ಟಿಗಿಂತ ಹೆಚ್ಚಾದವು, ಗೆಲ್ಲೋ ತಂಡದ ಕೆಲಸ ಮಾತ್ರ ಒಂದೂವರೆ ಪಟ್ಟಾಯ್ತು. ಆದ್ರೆ ಮೈದಾನದ ಕೆಲಸ? ಅದು ತಂಡಗಳ ಜೊತೆ ನೇರವಾಗಿ ಏರುತ್ತೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹೀಗೇ. ಬಳಸೋರಿಗೆ ಏನೂ ಗೊತ್ತಾಗಲ್ಲ, ಹಿಂದೆ ಇರೋ ಸರ್ವರ್ ಏದುಸಿರು ಬಿಡ್ತಾ ಇರುತ್ತೆ.

ಇನ್ನೊಂದು ಲೆಕ್ಕ. ನಾಕೌಟ್ ಅಂದ ಮೇಲೆ ಸುಮಾರು ಅರ್ಧದಷ್ಟು ತಂಡಗಳು ಒಂದೇ ಒಂದು ಪಂದ್ಯ ಆಡಿ ಸೋತು ಮನೆಗೆ ಹೋಗ್ತವೆ. 396ರಲ್ಲಿ ಸುಮಾರು ಇನ್ನೂರು ತಂಡಕ್ಕೆ ಇಡೀ ಉತ್ಸವ ಅಂದ್ರೆ ಒಂದು ಗಂಟೆಯ ಆಟ. ಹಾಗಿದ್ದೂ ಮರುವರ್ಷ ಅವರು ಮತ್ತೆ ಬರ್ತಾರೆ, ಜೊತೆಗೆ ಹೊಸಬರೂ ಬರ್ತಾರೆ. ಯಾಕೆ?

ಯಾಕಂದ್ರೆ ಅವರು ಬಂದಿದ್ದು ಆ ಒಂದು ಗಂಟೆಗಷ್ಟೇ ಅಲ್ಲ. ಸೋತ ಮೇಲೆ ಅಲ್ಲೇ ಕೂತು ಮುಂದಿನ ಪಂದ್ಯ ನೋಡ್ತಾರೆ. ಸೋಲಿಸಿದ ಒಕ್ಕದಲ್ಲೇ ಅಕ್ಕನ ಗಂಡನೋ ಅಮ್ಮನ ತವರಿನವರೋ ಇರ್ತಾರೆ. ಊಟ ಆಗುತ್ತೆ, ಮಾತು ಆಗುತ್ತೆ, ಎಷ್ಟೋ ಮದುವೆಗಳ ಮಾತೂ ಆಗುತ್ತೆ. ಜಾಗ ಆರಿಸೋಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗಂತೂ ಕಂಡಿಲ್ಲ: ಒಂದೇ ಪಂದ್ಯ ಆಡಿ ಸೋಲೋ ತಂಡಕ್ಕೆ ಈ ಜಾಗ ಏನು ಕೊಡುತ್ತೆ?

ಆದರೆ ಒಂದು ತೊಡಕು

ಹಾಗಂತ ಕೊಡಗಿನ ಪದ್ಧತಿಯಲ್ಲಿ ಎಲ್ಲಾ ಸರಿ ಇದೆ ಅಂತಲ್ಲ. ಶುರುವಿನ ವರ್ಷಗಳಲ್ಲಿ ಹಬ್ಬ ಊರೂರು ಸುತ್ತಿತು. ಕಾಕೋಟುಪರಂಬು, ಪೊನ್ನಂಪೇಟೆ, ಅಮ್ಮತ್ತಿ, ಹುದಿಕೇರಿ. ಒಂದೊಂದು ಊರಿನ ಮೈದಾನಕ್ಕೂ ಒಂದು ವರ್ಷದ ಮಟ್ಟಿಗೆ ಕಳೆ ಬರ್ತಿತ್ತು. ಈಚಿನ ಪಟ್ಟಿ ನೋಡಿ. 2017ರಲ್ಲಿ ಬಿದ್ದಾಟಂಡ ಕಪ್, ನಾಪೋಕ್ಲು. 2018ರಲ್ಲಿ ಕುಲ್ಲೇಟಿರ, ನಾಪೋಕ್ಲು. 2023ರಲ್ಲಿ ಅಪ್ಪಚೆಟ್ಟೋಳಂಡ, ನಾಪೋಕ್ಲು. 2024ರಲ್ಲಿ ಕುಂಡ್ಯೋಳಂಡ, ಅದೂ ನಾಪೋಕ್ಲು. ಚೆರಿಯಪರಂಬುವಿನ ಜನರಲ್ ಕೆ.ಎಸ್. ತಿಮ್ಮಯ್ಯ ಮೈದಾನ.

ಒಕ್ಕ ಬದಲಾಗ್ತಿದೆ, ಮೈದಾನ ಅಷ್ಟಾಗಿ ಬದಲಾಗ್ತಿಲ್ಲ. ಇದರಲ್ಲಿ ಯಾರದ್ದೂ ತಪ್ಪಿಲ್ಲ, ಮೇಲಿನ ಲೆಕ್ಕದ ಫಲ ಇದು. ದಿನಕ್ಕೆ ಒಂದು ಮೈದಾನದಲ್ಲಿ ಐದು ಪಂದ್ಯ ಅಂತಿಟ್ಟುಕೊಳ್ಳಿ. 59 ಪಂದ್ಯ ಒಂದೇ ಮೈದಾನದಲ್ಲಿ ಹನ್ನೆರಡು ದಿನಕ್ಕೆ ಮುಗಿಯುತ್ತೆ. 395 ಪಂದ್ಯಕ್ಕೆ ಅದೇ ಮೈದಾನದಲ್ಲಿ 79 ದಿನ ಬೇಕು, ಅಷ್ಟರಲ್ಲಿ ಮಳೆಗಾಲ ಬಂದುಬಿಡುತ್ತೆ. ಮೂರು ಮೈದಾನ ಅಕ್ಕಪಕ್ಕ ಇದ್ರೆ ಇಪ್ಪತ್ತೇಳು ದಿನ. ಹಾಗಾಗಿ ಮೂರು ಮೈದಾನ, ಗ್ಯಾಲರಿ, ವಾಹನ ನಿಲ್ಲಿಸೋ ಜಾಗ ಇರೋ ಊರಿಗೆ ಮಾತ್ರ ಹಬ್ಬ ಹೋಗಬಹುದು. ಕರಡದಂಥ ಊರಲ್ಲಿ ಹುಟ್ಟಿದ ಹಬ್ಬಕ್ಕೆ ಈಗ ಕರಡದಂಥ ಊರಲ್ಲಿ ಜಾಗ ಸಾಲಲ್ಲ.

ಇನ್ನೊಂದು ಅಪಾಯ ಖರ್ಚಿನದು. ಹಬ್ಬ ದೊಡ್ಡದಾದಷ್ಟೂ "ನಾವು ಮಾಡ್ತೀವಿ" ಅನ್ನೋಕೆ ಸಣ್ಣ ಒಕ್ಕ ಹಿಂದೆ ಮುಂದೆ ನೋಡುತ್ತೆ. ಸರದಿ ಅನ್ನೋದು ಕಾಗದದ ಮೇಲೆ ಎಲ್ಲರಿಗೂ ಇದ್ದು, ನಿಜದಲ್ಲಿ ಕೆಲವರಿಗೆ ಮಾತ್ರ ಆಗಿಬಿಟ್ಟರೆ ಹಬ್ಬದ ಜೀವ ಹೋದಂತೆ.

ಆದ್ರೂ ಈ ಪದ್ಧತಿ ಎಷ್ಟು ಗಟ್ಟಿ ಅನ್ನೋದು 2018ರ ನಂತರ ಗೊತ್ತಾಯ್ತು. ಆ ವರ್ಷದ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಭೀಕರ ಮಳೆ, ಗುಡ್ಡ ಕುಸಿತ. 2019ರಲ್ಲಿ ಹಬ್ಬ ಆಗಲಿಲ್ಲ. ಆಮೇಲೆ ಕೊರೋನಾ. ನಾಲ್ಕು ವರ್ಷ ಸ್ಟಿಕ್ಕುಗಳು ಮೂಲೆ ಸೇರಿದವು. ಒಂದು ಪಂದ್ಯಾವಳಿ ಸಾಯೋಕೆ ಅಷ್ಟು ವರ್ಷ ಧಾರಾಳ ಸಾಕು. 2023ರಲ್ಲಿ ಮತ್ತೆ ಶುರುವಾದಾಗ ಬಂದದ್ದು 336 ತಂಡ. ಯಾವುದೋ ಒಂದು ಕಚೇರಿ ನಡೆಸೋ ಪಂದ್ಯಾವಳಿ ಆಗಿದ್ದರೆ ಇದು ಆಗ್ತಿತ್ತಾ ಅನ್ನೋದು ನನಗೆ ಅನುಮಾನ. ಪ್ರತಿ ಒಕ್ಕದಲ್ಲೂ "ಇದು ನಮ್ಮದು" ಅನ್ನೋರಿದ್ದರು.

ಕಾಲೇಜುಗಳಿಗೆ ಇದರಿಂದ ಏನು?

ನಮ್ಮ ವಿಶ್ವವಿದ್ಯಾಲಯಗಳ ಪದ್ಧತಿ ನಿಮಗೆ ಗೊತ್ತಿರಬಹುದು. ವಿಶ್ವವಿದ್ಯಾಲಯದೊಳಗೆ ಅಂತರ ಕಾಲೇಜು ಪಂದ್ಯ. ವಿಟಿಯು ಥರದ ದೊಡ್ಡ ವಿಶ್ವವಿದ್ಯಾಲಯದ ಕಾಲೇಜುಗಳು ಬೆಳಗಾವಿ, ಬೆಂಗಳೂರು, ಕಲಬುರಗಿ, ಮೈಸೂರು ಅಂತ ನಾಲ್ಕು ವಿಭಾಗಗಳಲ್ಲಿ ಹಂಚಿಹೋಗಿವೆ. ಅದರ ಮೇಲೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸೋ ವಲಯ ಮಟ್ಟದ ಅಂತರ ವಿಶ್ವವಿದ್ಯಾಲಯ ಪಂದ್ಯ. ಪ್ರತಿ ಹಂತದಲ್ಲೂ ಒಂದು ಸಂಸ್ಥೆ ಆತಿಥೇಯ ಆಗುತ್ತೆ.

ನಾನು ಇಂಜಿನಿಯರಿಂಗ್ ಓದುವಾಗ ನಮ್ಮ ಕಾಲೇಜಿಗೆ ಒಂದು ಹಾಕಿ ತಂಡ ಇತ್ತು. ನಾನು ಆಡ್ತಿರಲಿಲ್ಲ, ಸ್ಕೋರ್ ಬರೆಯೋದು, ನೀರಿನ ಬಾಟಲಿ ಹೊರೋದು ನನ್ನ ಕೆಲಸ. ಒಂದು ವರ್ಷ ರಾತ್ರಿಯಿಡೀ ಬಸ್ಸಲ್ಲಿ ಹೋಗಿ ಒಂದು ಕಾಲೇಜಿನ ಕ್ಲಾಸ್‌ರೂಮಿನಲ್ಲಿ ಬೆಂಚು ಜೋಡಿಸಿ ಎರಡು ಗಂಟೆ ಮಲಗಿದ್ವಿ. ಬೆಳಿಗ್ಗೆ ಎಂಟಕ್ಕೆ ಪಂದ್ಯ. ಒಂಬತ್ತೂವರೆಗೆ ಸೋತು ಆಚೆ. ಊಟದ ಕೂಪನ್ ಕೇಳಿದ್ರೆ, ಮುಂದಿನ ಸುತ್ತಿಗೆ ಹೋದ ತಂಡಗಳಿಗೆ ಮಾತ್ರ ಅಂದರು. ಬಸ್ ಸ್ಟ್ಯಾಂಡಿನಲ್ಲಿ ಇಡ್ಲಿ ತಿಂದು ವಾಪಸ್ ಬಂದ್ವಿ. ಯಾರೂ ಜಗಳ ಆಡಲಿಲ್ಲ, ಬೈಯಲೂ ಇಲ್ಲ. ಮುಂದಿನ ವರ್ಷ ನಮ್ಮ ಕಾಲೇಜಿನಿಂದ ತಂಡ ಹೋಗಲಿಲ್ಲ, ಅಷ್ಟೇ. ಹೆಸರು ಕೊಡೋಕೆ ಹನ್ನೊಂದು ಜನ ಸಿಗಲಿಲ್ಲ.

ಸಣ್ಣ ಕಾಲೇಜುಗಳಲ್ಲಿ ಹಾಕಿ ಹೀಗೇ ಸದ್ದಿಲ್ಲದೆ ಹೋಗುತ್ತೆ. ಟರ್ಫ್ ಇಲ್ಲ, ದುಡ್ಡಿಲ್ಲ ಅನ್ನೋ ಕಾರಣಗಳೂ ನಿಜ. ಆದ್ರೆ "ಹೋಗಿ ಏನು ಸಿಕ್ತು?" ಅನ್ನೋ ಪ್ರಶ್ನೆಗೆ ಉತ್ತರ ಇಲ್ಲದಿರೋದೂ ಒಂದು ಕಾರಣ.

ಕೊಡಗನ್ನ ಹಾಗ್ಹಾಗೇ ನಕಲು ಮಾಡೋಕೆ ಆಗಲ್ಲ. ಕಾಲೇಜುಗಳ ನಡುವೆ ನೆಂಟಸ್ತನ ಇರಲ್ಲ. ಆದ್ರೆ ಮೂರು ವಿಷಯ ತಗೋಬಹುದು ಅನ್ಸುತ್ತೆ.

ಒಂದು, ಕಪ್ಪಿಗೆ ಆ ವರ್ಷದ ಆತಿಥೇಯ ಕಾಲೇಜಿನ ಹೆಸರಿಡಿ. ಪೈಸೆ ಖರ್ಚಿಲ್ಲ. ಕೆಲಸ ಹೊತ್ತವರ ಹೆಸರು ದಾಖಲೆಯಲ್ಲಿ ಉಳಿಯುತ್ತೆ ಅಂದ್ರೆ ಕೆಲಸದ ರೀತಿಯೇ ಬೇರೆ.

ಎರಡು, ಹಂತಗಳನ್ನ ಬೇರೆ ಮಾಡಿ. ಮೊದಲ ಸುತ್ತುಗಳು ಸಣ್ಣ ಕಾಲೇಜುಗಳ ಮಣ್ಣಿನ ಮೈದಾನದಲ್ಲಿ, ಹತ್ತಿರ ಹತ್ತಿರದ ತಂಡಗಳ ನಡುವೆ ಆಗಲಿ. ಕೊನೆಯ ನಾಲ್ಕು ತಂಡ ಟರ್ಫ್ ಇರೋ ಊರಿಗೆ ಹೋಗಲಿ. ಟರ್ಫ್ ಬೇಕಿರೋದು ಕೊನೆಯ ಮೂರು ಪಂದ್ಯಕ್ಕೆ, ಎಲ್ಲದಕ್ಕೂ ಅಲ್ಲ. ನಾಪೋಕ್ಲುವಿನ ಮೇಲಿನ ಭಾರ ಇಳಿಸೋಕೂ ಇದೇ ದಾರಿ ಆಗಬಹುದೇನೋ. ಆದ್ರೆ ಅಲ್ಲಿ ಎಲ್ಲರೂ ಒಂದೇ ಕಡೆ ಸೇರೋದೇ ಹಬ್ಬ, ಹಾಗಾಗಿ ಅದನ್ನ ಹೇಳಬೇಕಾದವರು ಅಲ್ಲಿನವರು.

ಮೂರು, ಆತಿಥ್ಯ ಕೇಳಿಕೊಂಡು ಬಂದ ಕಾಲೇಜಿಗೆ ಗ್ಯಾಲರಿಯಲ್ಲಿ ಎಷ್ಟು ಸೀಟಿದೆ ಅಂತ ಕೇಳೋ ಮೊದಲು ಇದನ್ನ ಕೇಳಿ: ಮೊದಲ ದಿನ ಬೆಳಿಗ್ಗೆ ಸೋತ ತಂಡಕ್ಕೆ ಮಧ್ಯಾಹ್ನದ ಊಟ ಇದೆಯಾ? ಸಂಜೆ ಅವರಿಗೆ ಇನ್ನೊಂದು ಸೌಹಾರ್ದ ಪಂದ್ಯ ಇದೆಯಾ? ರಾತ್ರಿ ಉಳಿಯೋಕೆ ಜಾಗ ಇದೆಯಾ? ಇದಕ್ಕೆಲ್ಲ ಹೌದು ಅನ್ನೋ ಕಾಲೇಜಿನ ಮೈದಾನದಲ್ಲಿ ಒಂದೆರಡು ಕಲ್ಲಿದ್ರೂ ಪರವಾಗಿಲ್ಲ, ಆರಿಸಿಬಿಡಿ. ಕಲ್ಲು ಆರಿಸಿ ತೆಗೀಬಹುದು.

ಶಾಹಬಾದಿನ ನನ್ನ ಸಹೋದ್ಯೋಗಿಗೆ ಇದನ್ನೆಲ್ಲ ಹೇಳಿದೆ. ಅವರು ಬಿಡಲಿಲ್ಲ: "ಸೋತವರನ್ನ ಇಷ್ಟು ಚೆನ್ನಾಗಿ ನೋಡಿಕೊಂಡರೆ ಗೆಲ್ಲೋ ಹಟ ಎಲ್ಲಿಂದ ಬರುತ್ತೆ?" ಒಳ್ಳೇ ಪ್ರಶ್ನೆಯೇ. ನಾನು ಗಣೇಶ್, ಗೋವಿಂದ, ಸೋಮಯ್ಯ, ಸುಬ್ಬಯ್ಯ ಅಂತ ಹೆಸರು ಹೇಳ್ತಾ ಹೋದೆ. ಆದ್ರೆ ಇವರೆಲ್ಲ 1997ಕ್ಕಿಂತ ಮೊದಲಿನ ಫಸಲು ಅನ್ನೋದನ್ನೂ ಹೇಳಬೇಕು. ಹಬ್ಬ ಒಲಿಂಪಿಯನ್‌ಗಳನ್ನ ತಯಾರು ಮಾಡೋ ಕಾರ್ಖಾನೆ ಅಂತ ನಾನು ವಾದಿಸಲ್ಲ. ಅದು ಮಾಡೋ ಕೆಲಸ ಬೇರೆ. ಒಂದು ಮನೆಯಲ್ಲಿ ಸ್ಟಿಕ್ಕು ಅಟ್ಟ ಸೇರದೆ ಕೈಗೆ ಸಿಗೋ ಹಾಗೆ ಇಡುತ್ತೆ. ಅಲ್ಲಿಂದ ಮುಂದಿನದು ಕೋಚ್‌ಗಳ, ಕ್ರೀಡಾಶಾಲೆಗಳ ಕೆಲಸ. ಆ ಸ್ಟಿಕ್ಕೇ ಇಲ್ಲದಿದ್ರೆ ಅವರಾದರೂ ಯಾರಿಗೆ ಕಲಿಸ್ತಾರೆ?

ನಿಮ್ಮ ಕಾಲೇಜಿನಲ್ಲಿ ಹಾಕಿ ತಂಡ ಇತ್ತಾ? ಇದ್ದರೆ ಈಗಲೂ ಇದೆಯಾ? ನಿಂತಿದ್ದರೆ ಯಾವ ಪಂದ್ಯಾವಳಿಯ ನಂತರ ನಿಂತಿತು, ಅಲ್ಲಿ ನಿಮ್ಮನ್ನ ಹೇಗೆ ನೋಡಿಕೊಂಡರು ಅಂತ ಬರೆದು ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ.